ಕಣ್ಣಿ ಬಿಚ್ಚುವ ನಾಲ್ಕು ಸಾಲು

ಸ್ಪರ್ಧೆ ನಡೆದದ್ದು ಕಲ್ಯಾಣದುರ್ಗದ ಒಂದು ಕಾಲೇಜಿನ ಸಭಾಂಗಣದಲ್ಲಿ. ಹೈಸ್ಕೂಲು ಮಕ್ಕಳ ಕೋಡಿಂಗ್ ಮತ್ತು ರೊಬಾಟಿಕ್ಸ್ ಸ್ಪರ್ಧೆ ಅದು. ಅವರಿಗೆ ಕೊಟ್ಟ ವಿಷಯ, ವಿಪತ್ತಿನಲ್ಲಿ ಜನರನ್ನು ರಕ್ಷಿಸುವುದು. ನಾನು ಗಡಿಯಾಚೆ ತೆಲುಗು ಸೀಮೆಯ ಹಿಂದೂಪುರದಲ್ಲಿ ಒಂದು ಕನ್ನಡ ಪತ್ರಿಕೆಯ ವರದಿಗಾರ. ಪತ್ರಿಕೆಯವನು ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂದು ನಂಬಿದ ಸಂಘಟಕರು ಸಮಯ ಬರೆಯುವ ಕೆಲಸವನ್ನು ನನಗೆ ವಹಿಸಿದ್ದರು. ಮರುದಿನ ಪತ್ರಿಕೆಯಲ್ಲಿ ಗೆದ್ದವರ ಫೋಟೊ ಮತ್ತು ಐದು ಸಾಲು ಬಂತು. ಆ ಐದು ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಂದು ಆ ಸಭಾಂಗಣದಲ್ಲಿ ನಡೆದದ್ದು ಅಷ್ಟೇ ಅಲ್ಲ.

ಒಂದು ವಿಷಯವನ್ನು ಮೊದಲೇ ಹೇಳಬೇಕು. ನಾನು ಕಲ್ಯಾಣದುರ್ಗಕ್ಕೆ ಹೋದದ್ದು ಸ್ಪರ್ಧೆಯ ಒಂದು ತಂಡ ಹತ್ತಿದ್ದ ವ್ಯಾನಿನಲ್ಲೇ. ಆ ಕಡೆಯಿಂದ ಬರುತ್ತಿದ್ದ ವಾಹನ ಅದೊಂದೇ, ಅದರಲ್ಲೇ ಬನ್ನಿ ಎಂದು ಸಂಘಟಕರು ಹೇಳಿದ್ದರು. ಹೋದ ಕೂಡಲೇ ಮುಖ್ಯ ತೀರ್ಪುಗಾರರಿಗೆ ಇದನ್ನು ತಿಳಿಸಿದೆ. ಅವರು, ‘ನೀವು ಅಂಕ ಹಾಕಲ್ಲವಲ್ಲ, ಟೈಮ್ ಬರೆದರೆ ಸಾಕು’ ಎಂದರು.

ತಂಡದಲ್ಲಿ ಇಬ್ಬರು ಹುಡುಗಿಯರು. ಲೇಪಾಕ್ಷಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿ. ಒಬ್ಬಳು ಕೋಡ್ ಬರೆದವಳು. ತೆಳ್ಳಗಿದ್ದಳು, ಮಾತಾಡುವಾಗ ಎದುರಿನವರ ಮುಖವನ್ನು ನೇರ ನೋಡುತ್ತಿದ್ದಳು. ಇನ್ನೊಬ್ಬಳು ಅವಳ ಗೆಳತಿ. ರೋಬೋ ಗಾಡಿ ಜೋಡಿಸಿದವಳು ಅವಳೇ. ಅವಳ ತಂದೆ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿ, ಮೋಟಾರು ಕೆಟ್ಟರೆ ಅಲ್ಲಿ ಇವಳನ್ನೇ ಕರೆಯುತ್ತಾರಂತೆ. ಇವಳದು ನಿಲ್ಲದ ಬಾಯಿ. ಜೊತೆಗೆ ಅವರ ವಿಜ್ಞಾನದ ಮೇಡಂ ಇದ್ದರು. ಗೋರಂಟ್ಲದವರು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೇಡಂ ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು. ದಾರಿಯುದ್ದಕ್ಕೂ ಅವರು ಅದನ್ನು ಕೆಳಗಿಡಲಿಲ್ಲ.

ಪೆಟ್ಟಿಗೆಯೊಳಗೆ ರೋಬೋ ಕಿಟ್. ಒಂದು ಬೋರ್ಡು, ಮೋಟಾರುಗಳು, ಗಾಲಿಗಳು, ದಾರಿ ಗುರುತಿಸುವ ಸೆನ್ಸರ್‌ಗಳು, ಬ್ಯಾಟರಿ. ಒಂದು ಟ್ರಸ್ಟ್ ಅದನ್ನು ಶಾಲೆಗೆ ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ಷರತ್ತನ್ನು ಮೇಡಂ ನನಗೆ ಹೇಳಿದರು. ಮೊದಲ ಎರಡು ಸ್ಥಾನ ಪಡೆದ ಶಾಲೆಗಳಿಗೆ ಕಿಟ್ ಶಾಶ್ವತವಾಗಿ ಉಳಿಯುತ್ತದೆ, ತಂಡ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಉಳಿದ ಶಾಲೆಗಳ ಕಿಟ್ ಪಟ್ಟಿಯಲ್ಲಿ ಕಾಯುತ್ತಿರುವ ಬೇರೆ ಶಾಲೆಗೆ ಹೋಗುತ್ತದೆ.

‘ಎರಡು ವರ್ಷ ಅರ್ಜಿ ಹಾಕಿದ್ದೀನಿ ಸಾರ್ ಇದಕ್ಕೆ. ಎಂಟನೇ ಕ್ಲಾಸಿನವರು ದಿನಾ ಬಂದು ಬಾಗಿಲ ಹತ್ರ ನಿಂತ್ಕೋತಾರೆ, ನಮ್ ಸರದಿ ಯಾವಾಗ ಅಂತ’ ಎಂದರು ಮೇಡಂ.

ಪೆನುಕೊಂಡ ದಾಟಿದ ಮೇಲೆ ಕೋಡ್ ಬರೆದ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು.

‘ಸಾರ್, ನೀವು ಪೇಪರ್ನೋರು ಅಲ್ವಾ? ನಮ್ಮೂರ ಕೆರೆ ಒಡೆದಾಗ ಬಂದಿದ್ರಿ.’

‘ಹೌದಮ್ಮ.’

‘ಹಂಗಾರೆ ನಮ್ಮಜ್ಜೀನ ಹಟಮಾರಿ ಮುದುಕಿ ಅಂತ ಬರ್ದಿದ್ದು ನೀವೇಯ.’

ಮೇಡಂ ಅವಳ ಮಂಡಿಯನ್ನು ತಟ್ಟಿದರು. ಗೆಳತಿ ಕಿಟಕಿ ಕಡೆ ಮುಖ ಮಾಡಿ ನಕ್ಕಳು. ನಾನು ಮುದುಕಿ ಎಂದು ಬರೆದಿರಲಿಲ್ಲ, ‘ವೃದ್ಧೆಯ ಹಟದಿಂದ ರಕ್ಷಣಾ ಕಾರ್ಯ ಅರ್ಧ ಗಂಟೆ ವಿಳಂಬ’ ಎಂದು ಬರೆದಿದ್ದೆ. ಅದನ್ನೇ ಹೇಳಿದೆ.

‘ಅಂಗೇ ಅಲ್ವಾ ಸಾರ್? ಉಪ್ಪು ಅಂದ್ರೂ ಒಂದೇ, ಲವಣ ಅಂದ್ರೂ ಒಂದೇ’ ಎಂದಳು ಗೆಳತಿ.



ಸಭಾಂಗಣದ ನಡುವೆ ಎರಡು ಮಂಚದಷ್ಟು ಅಗಲದ ಪ್ಲೈವುಡ್ ಹಲಗೆ ಹಾಕಿದ್ದರು. ಅದು ಮುಳುಗಿದ ಊರು. ನೀಲಿ ಬಳಿದದ್ದು ನೀರು, ಕಪ್ಪು ಪಟ್ಟಿ ರಸ್ತೆ. ಥರ್ಮಾಕೋಲ್ ಮನೆಗಳು, ಅವುಗಳ ಮುಂದೆ ಐದು ಪ್ಲಾಸ್ಟಿಕ್ ಗೊಂಬೆಗಳು. ಒಂದು ಮೂಲೆಯ ಹಸಿರು ಚೌಕ ಸುರಕ್ಷಿತ ಜಾಗ. ಮಕ್ಕಳ ರೋಬೋ ಯಾರ ಕೈಯೂ ತಾಗದೆ ತಾನೇ ದಾರಿ ಹಿಡಿದು, ಗೊಂಬೆಗಳನ್ನು ಒಂದೊಂದಾಗಿ ತಂದು ಹಸಿರು ಚೌಕಕ್ಕೆ ಬಿಡಬೇಕು. ನಾಲ್ಕು ನಿಮಿಷದೊಳಗೆ ಐದೂ ಬಂದರೆ ಹೆಚ್ಚುವರಿ ಅಂಕ. ದಾರಿಯಲ್ಲಿನ ಅಡೆತಡೆಗೆ ತಾಗಿದರೆ ಅಂಕ ಕಡಿತ. ಪ್ರತಿ ತಂಡಕ್ಕೆ ಎರಡು ಓಟ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ.

ಅಖಾಡ ಮಾಡಿದವರು ಶ್ರದ್ಧೆಯಿಂದ ಮಾಡಿದ್ದರು. ಬಿದ್ದ ಮರಕ್ಕೆ ಪೊರಕೆಯ ಕಡ್ಡಿ, ವಾಲಿದ ಕರೆಂಟ್ ಕಂಬಕ್ಕೆ ಐಸ್‌ಕ್ರೀಮ್ ಕಡ್ಡಿ. ಒಂದು ಮನೆಯ ಪಕ್ಕದಲ್ಲಿ ರಟ್ಟಿನ ಕೊಟ್ಟಿಗೆ. ಅದರ ಮುಂದೆ ಎರಡು ಆಟಿಕೆ ಹಸು. ಅವುಗಳ ಕೊರಳಿಗೆ ದಾರ ಕಟ್ಟಿ, ದಾರದ ಕುಣಿಕೆಯನ್ನು ಹಲಗೆಗೆ ಹೊಡೆದ ಮೊಳೆಗೆ ಸಿಕ್ಕಿಸಿದ್ದರು. ಊರಿನಲ್ಲಿ ದನವನ್ನು ಗೂಟಕ್ಕೆ ಕಟ್ಟುವ ಕಣ್ಣಿಯ ಹಾಗೆಯೇ. ಇದೆಲ್ಲದರ ಚಿತ್ರ ನಿಯಮಗಳ ಪುಸ್ತಕದಲ್ಲಿ ಮೊದಲೇ ಎಲ್ಲ ಶಾಲೆಗೂ ಹೋಗಿತ್ತು. ಅಡೆತಡೆಗಳ ಪಟ್ಟಿಯೂ ಅದರಲ್ಲೇ ಇತ್ತು. ಮರ, ಕಂಬ, ಕಲ್ಲು, ದನ. ನಾನೂ ಆ ಪುಟ ಓದಿದ್ದೆ. ವಿಚಿತ್ರವಾದದ್ದೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇವರ ತಂಡದ ಸರದಿ ಏಳನೆಯದು. ಗೆಳತಿ ಗಾಡಿಯನ್ನು ಗೆರೆಯ ಮೇಲಿಟ್ಟು ಹಿಂದೆ ಸರಿದಳು. ಕೋಡ್ ಬರೆದವಳು ಗುಂಡಿ ಒತ್ತಿದಳು. ನಾನು ಗಡಿಯಾರ ಒತ್ತಿದೆ.

ಅಲ್ಲಿಯವರೆಗೆ ಬಂದ ಎಲ್ಲ ರೋಬೋಗಳೂ ಕಪ್ಪು ಪಟ್ಟಿ ಹಿಡಿದು ನೇರ ಮೊದಲ ಗೊಂಬೆಯ ಕಡೆ ಹೋಗಿದ್ದವು. ಇವರದು ಪಟ್ಟಿ ಬಿಟ್ಟು ಎಡಕ್ಕೆ ತಿರುಗಿತು. ಕೊಟ್ಟಿಗೆಯ ಮುಂದೆ ನಿಂತಿತು. ಮುಂದಿನ ತೋಳನ್ನು ಇಳಿಸಿ, ತುದಿಯ ಕೊಕ್ಕೆಯಿಂದ ದಾರದ ಕುಣಿಕೆಯನ್ನು ಮೊಳೆಯಿಂದ ಮೇಲಕ್ಕೆಳೆಯಿತು. ದಾರದ ಜೊತೆ ಹಸುವೂ ಎಳೆದುಕೊಂಡು ಮಗುಚಿ ಬಿತ್ತು. ಎರಡನೆಯ ಹಸುವೂ ಹಾಗೆಯೇ ಬಿತ್ತು. ಸಭಾಂಗಣ ಜೋರಾಗಿ ನಕ್ಕಿತು. ಆಮೇಲೆ ರೋಬೋ ರಸ್ತೆಗೆ ಮರಳಿ ಗೊಂಬೆಗಳ ಕೆಲಸ ಹಿಡಿಯಿತು. ನಾಲ್ಕು ಗೊಂಬೆ ಹಸಿರು ಚೌಕ ಸೇರಿದವು. ಐದನೆಯದನ್ನು ಹಿಡಿಯುವಷ್ಟರಲ್ಲಿ ಸಮಯ ಮುಗಿಯಿತು.

ಮುಖ್ಯ ತೀರ್ಪುಗಾರರು ಒಬ್ಬ ಉಪನ್ಯಾಸಕರು. ನಿಯಮಗಳ ಪುಸ್ತಕ ಬರೆದವರೂ ಅವರೇ. ಬಳ್ಳಾರಿಯಲ್ಲಿ ಓದಿದವರಾದ್ದರಿಂದ ಕನ್ನಡ ಬರುತ್ತಿತ್ತು. ಅವರು ಅಖಾಡದ ಪಕ್ಕ ಬಗ್ಗಿ, ಬಿದ್ದ ಹಸುಗಳನ್ನು ಎತ್ತಿ ನಿಲ್ಲಿಸಿದರು.

‘ಏಮ್ಮಾ, ಹಸು ಹತ್ರ ಯಾಕೆ ಹೋಯ್ತು ನಿಮ್ಮ ರೋಬೋ? ಸೆನ್ಸರ್ ತಪ್ಪಾ?’

‘ತಪ್ಪಿಲ್ಲ ಸಾರ್. ಅಲ್ಲಿಗೇ ಹೋಗು ಅಂತ ಬರ್ದಿದ್ದೀನಿ.’

‘ಎಂದುಕು?’ ಯಾಕೆ ಎಂದು ಅವರು ತೆಲುಗಿನಲ್ಲೇ ಕೇಳಿದರು.

‘ಕಟ್ಟಿದ್ರಲ್ಲ ಸಾರ್. ಮಳೆ ನೀರು ಬಂದೈತೆ, ದನ ಕಟ್ಟಾಕಿದ್ದಂಗೇ ಐತೆ. ಮೊದ್ಲು ಬಿಚ್ಚಾದು ತಾನೆ?’

ತೀರ್ಪುಗಾರರು ದಾರವನ್ನು ಬೆರಳಲ್ಲಿ ಎತ್ತಿ ನೋಡಿದರು. ಅಂದವಾಗಿ ಕಾಣಲಿ ಎಂದು ಹುಡುಗರ ಕೈಯಲ್ಲಿ ಕಟ್ಟಿಸಿದ ದಾರ ಅದು. ಅದನ್ನು ಒಂದು ಕೆಲಸ ಎಂದು ಓದುವವರು ಇರಬಹುದೆಂದು ಅವರು ಎಣಿಸಿರಲಿಲ್ಲ. ನಾನು ಮೇಡಂ ಮುಖ ನೋಡಿದೆ. ಇದು ಬೇರೆಯವರಿಗೆ ವಿಚಿತ್ರವಾಗಿ ಕಾಣುತ್ತದೆ ಎಂಬುದು ಅವರಿಗೂ ಆಗಷ್ಟೇ ಹೊಳೆದಂತಿತ್ತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದವರು ಅವರೇ. ಕೊಟ್ಟಿಗೆಯ ಕಡೆ ತಿರುಗುವುದು ಮೊದಲ ಹೆಜ್ಜೆ ಎಂದು ಅವರಿಗೂ ಸಹಜವಾಗಿಯೇ ಕಂಡಿತ್ತು.

‘ದನ ಅಡೆತಡೆಗಳ ಲಿಸ್ಟಿನಲ್ಲಿದೆ. ಮುಟ್ಟಬಾರದು. ಅದಕ್ಕೆ ಪಾಯಿಂಟ್ ಇಲ್ಲ, ಮುಟ್ಟಿದರೆ ಕಟ್’ ಎಂದು ತೀರ್ಪುಗಾರರು ತಾಳ್ಮೆಯಿಂದ ವಿವರಿಸಿದರು. ‘ಎರಡನೇ ಓಟಕ್ಕೆ ಇನ್ನೂ ಟೈಮ್ ಇದೆ. ಕೊಟ್ಟಿಗೆಗೆ ಹೋಗೋ ಸಾಲುಗಳು ತೆಗೆದುಬಿಡು. ನಿಮ್ಮ ಗಾಡಿ ಸ್ಪೀಡ್ ಚೆನ್ನಾಗಿದೆ. ಫಸ್ಟ್ ಬರ್ತೀರಿ.’

ಇದು ಪ್ರಾಮಾಣಿಕವಾದ ಸಲಹೆ. ನನ್ನ ಪಟ್ಟಿಯಲ್ಲಿದ್ದ ಸಮಯಗಳನ್ನು ನೋಡಿದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕೊಟ್ಟಿಗೆಯಲ್ಲಿ ಹೋದ ಸಮಯವನ್ನು ಲೆಕ್ಕದಿಂದ ತೆಗೆದರೆ ಆ ಗಾಡಿಗಿಂತ ವೇಗದ್ದು ಅಲ್ಲಿ ಇರಲಿಲ್ಲ.

ಹುಡುಗಿ ಹೋಗಲಿಲ್ಲ, ಅಲ್ಲೇ ನಿಂತಳು.

‘ಸಾರ್, ದನ ಬಿಚ್ಚದೆ ಹೋದ್ರೆ ಮನೆಯೋರು ಆಚೆಗೆ ಬರಲ್ಲ.’

‘ಬಂದರಲ್ಲಮ್ಮ. ಬೇರೆ ಟೀಮಿನವರು ಐದೂ ತಂದರಲ್ಲ?’

‘ಅವು ಗೊಂಬೆ ಸಾರ್. ಗೊಂಬೆ ಆಗಿದ್ದುಕ್ಕೆ ಬಂದ್ವು. ನಮ್ಮಜ್ಜಿ ಬರ್ತಿರಲಿಲ್ಲ.’

ಹಿಂದಿನ ಸಾಲಿನಲ್ಲಿ ಯಾರೋ ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಅವಳ ಊರಿನ ಕೆರೆ ಏರಿ ಒಡೆದ ಬೆಳಗ್ಗೆ ನಾನು ಎತ್ತರದಲ್ಲಿ ನಿಂತಿದ್ದ ಟ್ರಾಕ್ಟರಿನ ಮೇಲಿಂದ ಎಲ್ಲವನ್ನೂ ಸಮಯ ಸಹಿತ ಬರೆದುಕೊಂಡಿದ್ದೆ. ರಬ್ಬರ್ ದೋಣಿ ಆ ಮನೆಯ ಜಗಲಿಗೆ ತಾಗಿದ್ದು ಎಂಟೂ ಹತ್ತಕ್ಕೆ. ಅಜ್ಜಿ ಸೊಂಟದ ಮಟ್ಟದ ನೀರಿನಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಇಬ್ಬರು ಸಿಬ್ಬಂದಿ ಕೈಮುಗಿದರು, ಗದರಿಸಿದರು, ಎತ್ತಿಕೊಳ್ಳಲು ನೋಡಿದರು. ಆಕೆ ಕೊಟ್ಟಿಗೆಯ ಕಡೆ ಕೈ ತೋರಿಸುತ್ತಲೇ ಇದ್ದರು. ಕೊನೆಗೆ ಒಬ್ಬ ಸಿಬ್ಬಂದಿ ಬೇಸತ್ತು ಕೊಟ್ಟಿಗೆಗೆ ಇಳಿದು ಹಗ್ಗ ಕೊಯ್ದ. ಹಸುಗಳು ಈಜಿ ದಿಣ್ಣೆ ಹತ್ತಿದವು. ಅದು ಎಂಟೂ ನಲವತ್ತಕ್ಕೆ. ಅಜ್ಜಿ ದೋಣಿ ಹತ್ತಿದ್ದು ಎಂಟೂ ನಲವತ್ತೆರಡಕ್ಕೆ, ಯಾರೂ ಕೈ ಹಿಡಿಯದೆ.

ನನ್ನ ನೋಟುಬುಕ್ಕಿನಲ್ಲಿ ಎಲ್ಲ ಇತ್ತು. ಪತ್ರಿಕೆಗೆ ಕಳಿಸುವಾಗ ಅರ್ಧ ಗಂಟೆಯನ್ನು ಬರೆದೆ. ಎರಡು ನಿಮಿಷವನ್ನು ಬರೆಯಲಿಲ್ಲ. ಸುಳ್ಳು ಬರೆಯಲಿಲ್ಲ ಎಂದು ಇಷ್ಟು ವರ್ಷ ಸಮಾಧಾನದಲ್ಲಿದ್ದೆ. ವಿಳಂಬವಾದದ್ದು ಅಜ್ಜಿಯ ಹಟದಿಂದಲ್ಲ, ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದ್ದರಿಂದ. ಅದನ್ನು ಆ ಹುಡುಗಿ ಹದಿನಾಲ್ಕರ ವಯಸ್ಸಿನಲ್ಲಿ ನನಗಿಂತ ಸರಿಯಾಗಿ ಬರೆದಿದ್ದಳು. ಎಡಕ್ಕೆ ತಿರುಗು, ಮುಂದೆ ಹೋಗು, ಕೊಕ್ಕೆ ಇಳಿಸು, ಮೇಲಕ್ಕೆಳೆ. ನಾಲ್ಕು ಸಾಲು.

ಓಟಗಳ ನಡುವೆ ತಂಡಗಳಿಗೆ ಹೊರಗಿನ ವರಾಂಡದಲ್ಲಿ ಜಾಗ ಕೊಟ್ಟಿದ್ದರು. ನಾನು ಚಹಾಕ್ಕೆ ಹೊರಬಂದಾಗ ಮೂವರೂ ಒಂದು ಬೆಂಚಿನ ಸುತ್ತ ಇದ್ದರು. ಲ್ಯಾಪ್‌ಟಾಪ್ ತೆರೆದಿತ್ತು. ನಾನು ದೂರದಲ್ಲೇ ನಿಂತೆ. ಮಾತು ಕೇಳಿಸುತ್ತಿತ್ತು.

‘ನಾಕೇ ಸಾಲು ಕಣೇ’ ಎನ್ನುತ್ತಿದ್ದಳು ಗೆಳತಿ. ‘ಈಗ ತೆಗಿ. ಗೆದ್ಬುಟ್ಟು ಊರಿಗೋಗಿ ಆಮ್ಯಾಕೆ ಹಾಕ್ಕೊಳಾನ. ಯಾರ್ ಕೇಳ್ತಾರೆ?’

‘ಆಮ್ಯಾಕೆ ಯಾರ್ ಹಾಕ್ತಾರೆ? ಗೆದ್ದಿದ್ದೇ ಸರಿ ಅಂತಾರೆ. ಮುಂದಿನ್ ವರ್ಸ ಎಲ್ರೂ ಅದನ್ನೇ ನೋಡ್ಕೊಂಡು ಬರೀತಾರೆ.’

‘ಅಯ್ಯೋ ದೊಡ್ಡ ಕಲೆಕ್ಟ್ರು ಇವ್ಳು! ಕಿಟ್ ಹೋದ್ರೆ ನಾನ್ ಏನ್ ಬಿಚ್ಲಿ, ಏನ್ ಕಟ್ಲಿ? ನಮ್ಮಪ್ಪನ ಸೈಕಲ್ಲಾ?’

ಮೇಡಂ ಅವಳನ್ನು ಸುಮ್ಮನಿರಿಸಿದರು. ಅವರ ದನಿ ಸಣ್ಣದಾಗಿತ್ತು.

‘ನೋಡಮ್ಮ, ನೀನು ಹೇಳ್ತಿರೋದು ನನಗೆ ಗೊತ್ತಾಗುತ್ತೆ. ಆದರೆ ಎಂಟನೇ ಕ್ಲಾಸಿನವರಿಗೆ ನಾನೇನು ಹೇಳ್ಲಿ? ನಿಮ್ ಅಕ್ಕ ದನ ಬಿಚ್ಚೋಕೆ ಹೋಗಿ ಕಿಟ್ ಕಳೆದುಬಿಟ್ಳು ಅಂತಾನಾ?’

ಹುಡುಗಿ ಪರದೆಯ ಮೇಲೆ ಆ ನಾಲ್ಕು ಸಾಲಿಗೆ ಬಂದು ನಿಂತಳು. ಅವಳ ಬೆರಳು ಅಳಿಸುವ ಗುಂಡಿಯ ಹತ್ತಿರವೇ ಇತ್ತು. ಅಳಿಸಿದ್ದರೆ ಅವಳನ್ನು ತಪ್ಪು ಎನ್ನುವ ಹಕ್ಕು ನನಗಿರಲಿಲ್ಲ. ನಾನು ನನ್ನ ವರದಿಯಲ್ಲಿ ಅದನ್ನೇ ಮಾಡಿದ್ದೆ, ಅದೂ ಯಾವ ಕಿಟ್ಟೂ ಪಣಕ್ಕಿಲ್ಲದಾಗ.

‘ಅವ್ರೂ ನಮ್ಮೂರೋರೇ ಅಲ್ವಾ ಮೇಡಂ?’ ಎಂದಳು ಕೊನೆಗೆ. ‘ಅವ್ರ ಮನೇಲೂ ದನ ಅವೆ.’

ಅಷ್ಟರಲ್ಲಿ ಮುಖ್ಯ ತೀರ್ಪುಗಾರರು ವರಾಂಡಕ್ಕೆ ಬಂದರು. ಮೇಡಂಗೆ ಧೈರ್ಯ ಹೇಳುವುದೇ ಅವರ ಉದ್ದೇಶವಾಗಿತ್ತು ಎಂದು ನಾನು ನಂಬುತ್ತೇನೆ. ಅವರು ತೆಲುಗಿನಲ್ಲಿ, ಹಳ್ಳಿ ಮಕ್ಕಳಲ್ಲವೇ, ಇಂಗ್ಲಿಷ್ ರೂಲ್‌ಬುಕ್ಕು ಅರ್ಥವಾಗಿರಲಿಕ್ಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು.

ಮೇಡಂ ಎದ್ದು ನಿಂತರು. ಅವರು ಬೇಕಂತಲೇ ಕನ್ನಡದಲ್ಲಿ ಉತ್ತರ ಕೊಟ್ಟರು, ಹುಡುಗಿಯರಿಗೆ ಕೇಳಿಸಲಿ ಎಂದಿರಬೇಕು.

‘ಅರ್ಥ ಆಗಿದೆ ಸಾರ್. ಎರಡು ಸಲ ಓದಿದ್ದೀವಿ. ಒಪ್ಪಿಗೆ ಆಗಿಲ್ಲ, ಅಷ್ಟೆ.’

ತೀರ್ಪುಗಾರರು ತಲೆಯಾಡಿಸಿ ಒಳಗೆ ಹೋದರು. ಮೇಡಂ ಕೂತುಕೊಂಡು ಲ್ಯಾಪ್‌ಟಾಪನ್ನು ಹುಡುಗಿಯ ಕಡೆ ತಿರುಗಿಸಿದರು.

‘ಇರ್ಲಿ ಬಿಡು. ಆದ್ರೆ ಈ ಸಲ ಹಸು ಬೀಳಬಾರದು. ಬಿಚ್ಚೋದಾದ್ರೆ ನೆಟ್ಟಗೆ ಬಿಚ್ಚಬೇಕು.’

‘ನನ್ನ ಕೊಕ್ಕೆ ಮೇಲೆ ಹಾಕ್ಬ್ಯಾಡ್ರಿ’ ಎಂದಳು ಗೆಳತಿ, ಆಗಲೇ ಸ್ಕ್ರೂಡ್ರೈವರ್ ಹಿಡಿದು. ‘ಇವ್ಳೇ ಕೊರಳ ಕಡೆ ಎಳ್ದಿದ್ದು. ಮೊಳೆ ಕಡೆಯಿಂದ ಎತ್ತಿದ್ರೆ ಹಸೂಗೆ ಗೊತ್ತೇ ಆಗಲ್ಲ. ಸರಿ ಇತ್ತ ಕೊಡು, ತೋಳು ಚೂರು ಬಗ್ಗುಸ್ತೀನಿ.’

ಉಳಿದ ಸಮಯವನ್ನು ಅವರು ಅದಕ್ಕೇ ಬಳಸಿದರು. ಒಂದು ಸಾಲನ್ನೂ ಅಳಿಸಲಿಲ್ಲ. ತಿರುವುಗಳಲ್ಲಿ ವೇಗ ಹೆಚ್ಚಿಸಿದರು. ಗೆಳತಿ ಮೂರು ಸಲ ತೋಳು ಬಿಚ್ಚಿ ಕಟ್ಟಿದಳು, ಪ್ರತಿ ಸಲವೂ ಕೋಡ್ ಬರೆದವಳನ್ನು ಬೈಯುತ್ತ.

ಎರಡನೇ ಓಟದ ಹೊತ್ತಿಗೆ ವಿಷಯ ಸಭಾಂಗಣದಲ್ಲೆಲ್ಲ ಹಬ್ಬಿತ್ತು. ಬೇರೆ ಶಾಲೆಯ ಮಕ್ಕಳು ಅಖಾಡದ ಸುತ್ತ ಬಂದು ನಿಂತರು. ಗುಂಡಿ ಒತ್ತಿದಾಗ ರೋಬೋ ಮತ್ತೆ ಎಡಕ್ಕೇ ತಿರುಗಿತು. ಯಾರೋ ‘ಮಳ್ಳಾ?’ ಎಂದರು. ಮತ್ತೆ ಅದೇನಾ ಎಂಬ ಅರ್ಥದಲ್ಲಿ. ಈ ಸಲ ಜೋರು ನಗು ಏಳಲಿಲ್ಲ. ರೋಬೋ ಕೊಟ್ಟಿಗೆಯ ಮುಂದೆ ನಿಂತಿತು. ತೋಳು ಮೊಳೆಯ ಹತ್ತಿರ ಇಳಿಯಿತು. ಕುಣಿಕೆ ಮೊಳೆಯಿಂದ ಕಳಚಿ ಹಲಗೆಯ ಮೇಲೆ ಬಿತ್ತು. ಹಸು ಅಲ್ಲಾಡಲಿಲ್ಲ. ಎರಡನೆಯದೂ ಅಲ್ಲಾಡಲಿಲ್ಲ. ಆಮೇಲೆ ಗಾಡಿ ತಿರುಗಿ ರಸ್ತೆ ಹಿಡಿಯಿತು. ಐದನೆಯ ಗೊಂಬೆ ಹಸಿರು ಚೌಕಕ್ಕೆ ಬಂದಾಗ ನಾಲ್ಕು ನಿಮಿಷಕ್ಕೆ ಇನ್ನೂ ಮೂರು ಸೆಕೆಂಡು ಬಾಕಿ ಇತ್ತು.

ಗೆಳತಿ ಕೂಗಿದಳು. ಕೋಡ್ ಬರೆದವಳು ಕೂಗಲಿಲ್ಲ, ತೀರ್ಪುಗಾರರ ಮೇಜನ್ನು ನೋಡುತ್ತಿದ್ದಳು.

ಮೂವರು ತೀರ್ಪುಗಾರರೂ ತಲೆ ಕೂಡಿಸಿ ಮಾತಾಡಿದರು. ನಾನು ನನ್ನ ಹಾಳೆಯಲ್ಲಿ ಸಮಯ ಬರೆದೆ. ಅದರ ಪಕ್ಕದಲ್ಲಿ ಷರಾ ಎಂದು ಖಾಲಿ ಜಾಗವೊಂದಿತ್ತು. ಅಲ್ಲಿಯವರೆಗೆ ಯಾವ ತಂಡಕ್ಕೂ ಅದರಲ್ಲಿ ಏನೂ ಬರೆದಿರಲಿಲ್ಲ. ಈಗ ಬರೆದೆ: ‘ಕೊಕ್ಕೆ ದಾರಕ್ಕೆ ತಾಗಿತು. ದನಕ್ಕೆ ತಾಗಲಿಲ್ಲ. ಎರಡೂ ದನ ನಿಂತಲ್ಲೇ ನಿಂತಿದ್ದವು.’

ಮುಖ್ಯ ತೀರ್ಪುಗಾರರು ಹಾಳೆ ತೆಗೆದುಕೊಂಡು ಓದಿದರು.

‘ಟೈಮ್ ಒಂದು ಬರೆದರೆ ಸಾಕಿತ್ತು ಸಾರ್.’

‘ಕಂಡದ್ದು ಬರೆದಿದ್ದೇನೆ. ಬೇಡವಾದರೆ ಹೊಡೆದುಹಾಕಿ, ಪಕ್ಕದಲ್ಲಿ ನಿಮ್ಮ ಸಹಿ ಇರಲಿ’ ಎಂದೆ.

ಅವರು ಹೊಡೆದುಹಾಕಲಿಲ್ಲ. ಆದರೆ ದಾರ ದನದ ಭಾಗವೇ ಎಂದು ತೀರ್ಮಾನಿಸಿ ಎರಡು ಕಡಿತ ಹಾಕಿದರು. ನಿಯಮ ಬರೆದವರಿಗೆ ಅದನ್ನು ಬಿಡಿಸಿ ಹೇಳುವ ಅಧಿಕಾರ ಇತ್ತು. ಫಲಿತಾಂಶ ಓದಿದಾಗ ಈ ತಂಡ ಮೂರನೆಯದು. ಎರಡನೆಯ ತಂಡಕ್ಕೂ ಇವರಿಗೂ ಇದ್ದ ಅಂತರ ಆ ಎರಡು ಕಡಿತಗಳಿಗಿಂತ ಕಡಿಮೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಮೂರನೇ ಸ್ಥಾನದ ಪ್ರಮಾಣಪತ್ರ ತೆಗೆದುಕೊಳ್ಳಲು ಹುಡುಗಿಯರು ವೇದಿಕೆ ಹತ್ತಿದಾಗ ತೀರ್ಪುಗಾರರು ಮೈಕಿನಲ್ಲಿ, ‘ಈ ಮಕ್ಕಳು ಒಂದು ಸಣ್ಣ ಪ್ರೋಗ್ರಾಮ್ ತಪ್ಪಿನಿಂದ’ ಎಂದು ಶುರು ಮಾಡಿದರು. ಕೋಡ್ ಬರೆದವಳು ಅವರ ಪಕ್ಕದಲ್ಲೇ ನಿಂತಿದ್ದಳು. ಮೈಕಿಗೆ ಕೇಳಿಸುವಷ್ಟು ಹತ್ತಿರ.

‘ತಪ್ಪು ಕಾದು ಸಾರ್’ ಎಂದಳು. ಅಲ್ಲಿದ್ದವರಿಗೆಲ್ಲ ತಿಳಿಯುವ ತೆಲುಗಿನಲ್ಲಿ, ತಪ್ಪಲ್ಲ ಎಂದು. ಆಮೇಲೆ ಪ್ರಮಾಣಪತ್ರ ತೆಗೆದುಕೊಂಡು ನಮಸ್ಕಾರ ಮಾಡಿ ಇಳಿದಳು.

ವಾಪಸು ಬರುವಾಗ ವ್ಯಾನಿನಿಂದ ಬೆಟ್ಟದ ಮೇಲಿನ ಕೋಟೆ ಕಂಡಾಗ ಗೆಳತಿ ನಿಟ್ಟುಸಿರು ಬಿಟ್ಟಳು.

‘ಗೆದ್ದಿದ್ರೆ ರಾಜ್ಯ ಮಟ್ಟ, ವಿಜಯವಾಡ ನೋಡ್ಬೋದಾಗಿತ್ತು. ಈಗ ನೋಡು, ಪೆನುಕೊಂಡ. ಚೆನ್ನಾಗಿ ನೋಡ್ಕೋ ತಾಯಿ.’

ಕೋಡ್ ಬರೆದವಳು ಅವಳ ಜಡೆ ಎಳೆದಳು. ಮೇಡಂ ಇಬ್ಬರಿಗೂ ಬಾಳೆಹಣ್ಣು ಕೊಟ್ಟರು. ಪೆಟ್ಟಿಗೆ ಮಾತ್ರ ಅವರ ತೊಡೆಯ ಮೇಲೇ ಇತ್ತು.

ಆ ರಾತ್ರಿ ನಾನು ಕಳಿಸಿದ ವರದಿ ಉದ್ದವಾಗಿತ್ತು. ಡೆಸ್ಕಿನವರು ಗೆದ್ದವರನ್ನು ಉಳಿಸಿ ಉಳಿದದ್ದನ್ನು ತೆಗೆದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ ಎಂಬುದು ನನಗೆ ಸಂತೋಷ ಕೊಡುವ ವಿಷಯವಲ್ಲ.

ಮುಂದಿನ ವಾರ ಟ್ರಸ್ಟಿನವರು ಕಿಟ್ ಒಯ್ಯಲು ಬರುತ್ತಾರೆ ಎಂದು ಮೇಡಂ ಫೋನ್ ಮಾಡಿದರು. ಬನ್ನಿ ಎಂದೇನೂ ಕರೆಯಲಿಲ್ಲ. ನಾನು ಹೋದೆ. ಶಾಲೆಯ ಅಂಗಳದಲ್ಲಿ ಮಕ್ಕಳು ಸುಣ್ಣದ ಪುಡಿಯಲ್ಲಿ ರಸ್ತೆ ಎಳೆದು, ಇಟ್ಟಿಗೆಗಳ ಮನೆ ಮಾಡಿ, ಕೊನೆಯ ಸಲ ರೋಬೋ ಓಡಿಸುತ್ತಿದ್ದರು. ಎಂಟನೇ ತರಗತಿಯವರಿಗೆ ಗುಂಡಿ ಒತ್ತುವ ಅವಕಾಶ. ಊರಿನ ಹತ್ತಾರು ಜನ ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದರು. ಅವರಲ್ಲಿ ಒಬ್ಬರು ನನ್ನನ್ನು ಗುರುತಿಸಿ ಕೋಲು ಊರಿಕೊಂಡು ಬಂದರು. ಹುಡುಗಿಯ ಅಜ್ಜಿ.

‘ನೀನೇನಪ್ಪ ನನ್ನ ಹಟಮಾರಿ ಅಂತ ಪೇಪರ್ಗೆ ಹಾಕಿದ್ದೋನು?’

ಹೌದು, ಪೂರ್ತಿ ಬರೆಯಲಿಲ್ಲ, ಅದು ನನ್ನ ತಪ್ಪು ಎಂದೆ. ಸ್ಪರ್ಧೆಯ ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತು ಅದು. ಆಕೆಗೆ ಅದು ಬೇಕಾಗಿರಲಿಲ್ಲ.

‘ತಪ್ಪೇನ್ ಬಂತು? ಸರಿಯಾಗೇ ಬರ್ದಿದ್ದೀಯ. ಹಟ ಮಾಡ್ದೆ ಇದ್ದಿದ್ರೆ ಹಸ ಉಳೀತಿದ್ವಾ? ಮೊಮ್ಮಗ್ಳೂ ನನ್ನಂಗೇ ಅವ್ಳೆ ಅಂತ ಬರ್ಕೋ. ದೊಡ್ಡಕ್ಷರದಾಗೆ ಬರ್ಕೋ.’

ಟ್ರಸ್ಟಿನ ಯುವಕ ಸ್ಕೂಟರಿನಲ್ಲಿ ಬಂದ. ಒಳ್ಳೆಯ ಹುಡುಗ, ಮುಖದಲ್ಲಿ ಸಂಕೋಚವಿತ್ತು. ಹುಡುಗಿಯರು ಗಾಡಿಯನ್ನು ಬಿಚ್ಚಿ, ಒರೆಸಿ, ಒಂದೊಂದು ಭಾಗವನ್ನೂ ಅದರದರ ಗುಳಿಯಲ್ಲಿಟ್ಟರು. ಅವನು ಪಟ್ಟಿ ನೋಡಿ ಗುರುತು ಹಾಕುತ್ತ ಹೋದ. ಒಂದು ಸ್ಕ್ರೂ ಕೂಡ ಕಡಿಮೆ ಇರಲಿಲ್ಲ. ಗೆಳತಿ ಗಾಲಿಗಳನ್ನು ಇಡುವಾಗ ಮುಖ ಆಚೆ ತಿರುಗಿಸಿಕೊಂಡಳು. ಕೊನೆಗೆ ಅವನು ತನ್ನ ಲ್ಯಾಪ್‌ಟಾಪ್ ತೆಗೆದು ಕೇಬಲ್ ಕೇಳಿದ.

‘ಬೋರ್ಡಿನಲ್ಲಿರೋ ಪ್ರೋಗ್ರಾಮ್ ಅಳಿಸಿ ಖಾಲಿ ಮಾಡಬೇಕಮ್ಮ. ಬೇರೆ ಸ್ಕೂಲಿಗೆ ಹೋಗುತ್ತಲ್ಲ.’

ಕೋಡ್ ಬರೆದವಳು ಪೆಟ್ಟಿಗೆಯ ಮೇಲೆ ಕೈ ಇಟ್ಟಳು.

‘ಅಳಿಸ್ಬೇಕು ಅಂತ ಎಲ್ಲೈತೆ ತೋರ್ಸಿ ಸಾರ್.’

‘ರೂಲ್ಸ್ ಕಣಮ್ಮ.’

‘ಅದೇ ಸಾರ್, ಎಲ್ಲೈತೆ?’

ಅವನು ಹಾಳೆ ತೋರಿಸಿದ. ಇಂಗ್ಲಿಷಿನಲ್ಲಿತ್ತು. ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು. 

‘ಅಗತ್ಯ ಇದ್ರೆ ಅಳಿಸಿ ಅಂತ ಐತೆ ಸಾರ್. ಅಗತ್ಯ ಇಲ್ಲ. ಚೆನ್ನಾಗೇ ಓಡ್ತೈತೆ. ಈಗ್ತಾನೆ ನೋಡಿದ್ರಲ್ಲ.’

ಯುವಕ ಮೇಡಂ ಕಡೆ ನೋಡಿದ. ಮೇಡಂ ಹಾಜರಿ ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದರು. ಅವನು ನನ್ನ ಕಡೆ ನೋಡಿದ. ನಾನು ಅವನು ಏನು ಬರೆಯುತ್ತಾನೆಂದು ಕಾಯುತ್ತಿದ್ದೆ. ಅವನು ಪೆನ್ನಿನ ತುದಿಯನ್ನು ಎರಡು ಸಲ ಒತ್ತಿದ, ‘ಅಗತ್ಯ ಬೀಳಲಿಲ್ಲ’ ಎಂದು ಬರೆದು ಸಹಿ ಹಾಕಿದ. ಪೆಟ್ಟಿಗೆ ಸ್ಕೂಟರಿನ ಮುಂದೆ ಕೂತು ಹೋಯಿತು. ಹುಡುಗಿ ಗೇಟಿನವರೆಗೂ ಹೋಗಿ, ಗುಂಡಿ ಎಲ್ಲಿ ಒತ್ತಬೇಕೆಂದು ಅವನಿಗೆ ಇನ್ನೊಮ್ಮೆ ಹೇಳಿ ಬಂದಳು.

ಆ ಕಿಟ್ ಈಗ ಇನ್ನೊಂದು ಶಾಲೆಯಲ್ಲಿದೆ. ಯಾವ ಶಾಲೆ ಎಂದು ವಿಚಾರಿಸಿ ತಿಳಿದುಕೊಂಡೆ, ಅಲ್ಲಿನ ಮೇಷ್ಟ್ರಿಗೆ ಫೋನ್ ಕೂಡ ಮಾಡಿದೆ. ಮೊದಲ ದಿನ ಮಕ್ಕಳು ಗಾಡಿ ಜೋಡಿಸಿ ಗುಂಡಿ ಒತ್ತಿದಾಗ ಅದು ಯಾಕೋ ತಾನಾಗಿ ಎಡಕ್ಕೆ ತಿರುಗಿ ತೋಳು ಇಳಿಸಿತಂತೆ. ಯಾಕಿರಬಹುದು ಎಂದು ಅವರು ನನ್ನನ್ನೇ ಕೇಳಿದರು. ಹೇಳಿದೆ. ಹಾಗಾದರೆ ಇರಲಿ ಎಂದರು. ವರದಿಗಾರನಾಗಿ ಊರಿನ ಹೆಸರು, ಶಾಲೆಯ ಹೆಸರು ಬಿಟ್ಟು ನಾನು ಯಾವ ಸುದ್ದಿಯನ್ನೂ ಬರೆದವನಲ್ಲ. ಇದರಲ್ಲಿ ಬಿಡುತ್ತಿದ್ದೇನೆ. ಬರೆದರೆ ಯಾರಾದರೂ ಹೋಗಿ ಅಳಿಸಿಯಾರು.